ಹೊರದೇಶದಲ್ಲಿ ಪಾಠ, ಜೊತೆಗೆ ಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರದವಳು. ಒಮಾನ್ ದೇಶದ ಮಸ್ಕತ್‌ನಲ್ಲಿ ಒಂದು ಭಾರತೀಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಜೊತೆಗೆ ಚಿತ್ರ ಬಿಡಿಸುತ್ತೇನೆ. ಬೇಸಿಗೆ ರಜೆಗೆ ಊರಿಗೆ ಬಂದಾಗಲೆಲ್ಲ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಟೀಚರುಗಳು, ಬಿ.ಎಡ್. ಓದುವ ಹುಡುಗಿಯರು, ಡ್ರಾಯಿಂಗ್ ಮಾಸ್ತರರು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ನನಗೆ ಗೊತ್ತಿರುವುದು ಮಸ್ಕತ್, ಹಾಗಾಗಿ ಉದಾಹರಣೆಗಳು ಜಾಸ್ತಿ ಅಲ್ಲಿನವೇ. ಬೇರೆ ದೇಶಕ್ಕೆ ಹೋಗುವವರಿಗೂ ಬಹುಪಾಲು ಹೊಂದುತ್ತವೆ.

ಶಾಲೆ ಕೆಲಸ ಮುಗಿಸಿ ಬಂದಮೇಲೆ ಚಿತ್ರಕ್ಕೆ ಸಮಯ ಎಲ್ಲಿಂದ ತರೋದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನನ್ನ ಉತ್ತರ ಒಂದೇ. ಉಳಿದ ಸಮಯದಲ್ಲಿ ಬಿಡಿಸುತ್ತೇನೆ ಅಂದುಕೊಂಡರೆ ಸಮಯ ಉಳಿಯುವುದೇ ಇಲ್ಲ. ನೋಟ್ಸ್ ತಿದ್ದುವುದು, ಪಾಠದ ಪ್ಲಾನ್ ಬರೆಯುವುದು, ಪೋಷಕರ ಮೆಸೇಜುಗಳು, ಅಡುಗೆ, ಊರಿಗೆ ಫೋನು. ಇವೆಲ್ಲ ಸಂಜೆಯನ್ನು ನುಂಗಿಬಿಡುತ್ತವೆ. ಶಾಲೆಯ ಟೈಮ್ ಟೇಬಲ್‌ನಲ್ಲಿ ಪಿರಿಯಡ್ ಇರುತ್ತಲ್ವಾ, ಹಾಗೆಯೇ ವಾರದಲ್ಲಿ ಚಿತ್ರಕ್ಕೂ ಪಿರಿಯಡ್ ಬರೆದಿಡಬೇಕು. ಆ ಹೊತ್ತಿನಲ್ಲಿ ಬೇರೆ ಕೆಲಸ ಒಪ್ಪಿಕೊಳ್ಳಬಾರದು.

ಒಮಾನ್‌ನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾರತೀಯ ಶಾಲೆಗಳು ಬೆಳಿಗ್ಗೆ ಬೇಗ ಶುರುವಾಗಿ ಮಧ್ಯಾಹ್ನಕ್ಕೆ ಬಿಡುತ್ತವೆ. ನನಗೆ ಶುಕ್ರವಾರದ ಬೆಳಗು ಬಣ್ಣದ್ದು, ವಾರದ ಮಧ್ಯೆ ಎರಡು ಸಂಜೆ ಪೆನ್ಸಿಲಿನದು. ಅಷ್ಟೇ. ಗುರುವಾರ ರಾತ್ರಿ ಮಲಗುವ ಮೊದಲು ಹಾಳೆಯನ್ನು ಬೋರ್ಡಿಗೆ ಅಂಟಿಸಿ, ನೀರಿನ ಡಬ್ಬಿ, ಬ್ರಶ್ಶು, ಬಟ್ಟೆ ಎಲ್ಲ ಮೇಜಿನ ಮೇಲೆ ಇಡುತ್ತೇನೆ. ಬೆಳಿಗ್ಗೆ ಎದ್ದು ಸಾಮಾನು ಹುಡುಕುತ್ತಾ ಕೂತರೆ ಅರ್ಧ ಉತ್ಸಾಹ ಅಲ್ಲೇ ಹೋಗುತ್ತದೆ.

ಪರೀಕ್ಷೆಯ ತಿಂಗಳುಗಳಲ್ಲಿ, ಅಂದರೆ ಫೆಬ್ರವರಿ, ಮಾರ್ಚ್‌ನಲ್ಲಿ, ಬಣ್ಣ ಮುಟ್ಟಲು ಆಗದೇ ಹೋಗಬಹುದು. ಆಗ ಚಿಕ್ಕ ಸ್ಕೆಚ್ ಪುಸ್ತಕ ಸಾಕು. ಸ್ಟಾಫ್ ರೂಮಿನ ಚಹಾ ಲೋಟ, ಕಿಟಕಿ, ಸಹೋದ್ಯೋಗಿಯ ಚಪ್ಪಲಿ, ಏನಾದರೂ ಸರಿ, ಕೈ ನಿಲ್ಲಬಾರದು. ರಂಜಾನ್ ತಿಂಗಳಲ್ಲಿ ಶಾಲೆಯ ಅವಧಿ ಕಡಿಮೆಯಾಗುತ್ತದೆ. ಬೇಸಿಗೆ ರಜೆ ಉದ್ದ ಇರುತ್ತದೆ. ದೊಡ್ಡ ಕೆಲಸಗಳನ್ನು ಅಲ್ಲಿಗೆ ಇಟ್ಟುಕೊಳ್ಳಿ.

ಸಣ್ಣ ಹಾಳೆಯಲ್ಲಿ ಬಿಡಿಸಿದರೆ ಅದು ದೊಡ್ಡ ಚಿತ್ರ ಆಗುತ್ತಾ?

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ನಮ್ಮ ಊರಿನ ಒಂದು ಚಿತ್ರವಿದೆ. ಆದಿಲ್‌ಶಾಹಿ ಮನೆತನದ ಸುಲ್ತಾನರನ್ನೆಲ್ಲ ಒಂದೇ ಕಡೆ ಸೇರಿಸಿ, 1680ರ ಸುಮಾರಿಗೆ ಕಮಲ್ ಮಹಮ್ಮದ್ ಮತ್ತು ಚಾಂದ್ ಮಹಮ್ಮದ್ ಎಂಬ ಇಬ್ಬರು ಬಿಡಿಸಿದ್ದು. ಒಂದು ಇಡೀ ರಾಜಮನೆತನ ಕೂತಿರುವ ಆ ಚಿತ್ರದ ಎತ್ತರ ಸುಮಾರು 41 ಸೆಂಟಿಮೀಟರ್. ಅಂದರೆ ನಾವು ಝೆರಾಕ್ಸ್ ಅಂಗಡಿಯಲ್ಲಿ ನೋಡುವ ಎ3 ಹಾಳೆಯಷ್ಟೇ. ನೋಡಿದ ಯಾರೂ ಅದನ್ನು ಸಣ್ಣದು ಅನ್ನುವುದಿಲ್ಲ.

ಬಾಡಿಗೆ ಮನೆಯಲ್ಲಿ ಇರುವವರಿಗೆ, ಎರಡು ಮೂರು ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ, ಸೂಟ್‌ಕೇಸಿನಲ್ಲಿ ಊರಿಗೆ ಚಿತ್ರ ತರುವವರಿಗೆ ಸಣ್ಣ ಅಳತೆಯೇ ಸರಿ. ಎ4 ಅಥವಾ ಎ3 ಹಾಳೆಯಲ್ಲಿ ಒಂದು ರಜಾದಿನದಲ್ಲಿ ಒಂದು ಕೆಲಸ ಮುಗಿಯುತ್ತದೆ. ಮುಗಿದ ಕೆಲಸದಿಂದ ಕಲಿಯುವಷ್ಟು, ಗೋಡೆಗೆ ಒರಗಿಸಿ ತಿಂಗಳುಗಟ್ಟಲೆ ಬಿಟ್ಟ ದೊಡ್ಡ ಕ್ಯಾನ್ವಾಸಿನಿಂದ ಕಲಿಯುವುದಿಲ್ಲ.

ಚಿತ್ರಕಲೆಯ ಡಿಗ್ರಿ ಇಲ್ಲ. ಲೋವರ್, ಹೈಯರ್ ಗ್ರೇಡ್ ಪರೀಕ್ಷೆ ಮಾತ್ರ ಆಗಿದೆ. ನಡೆಯುತ್ತಾ?

ಬಿಡಿಸುವುದಕ್ಕೆ ನಡೆಯುತ್ತದೆ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕಲಿತ ವಸ್ತುಚಿತ್ರ, ನಿಸರ್ಗಚಿತ್ರ, ವಿನ್ಯಾಸ ಇವುಗಳೇ ಗಟ್ಟಿ ಬುನಾದಿ. ನನ್ನ ಹತ್ತಿರ ಇರುವುದೂ ಅಷ್ಟೇ. ಆದರೆ ಕಲಾ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಡಿಗ್ರಿ ಕೇಳುತ್ತಾರೆ. ಸಾಮಾನ್ಯವಾಗಿ ದೃಶ್ಯಕಲೆಯ ಡಿಗ್ರಿಗಳಾದ ಬಿವಿಎ ಅಥವಾ ಎಂವಿಎ, ಜೊತೆಗೆ ಅನುಭವದ ಪತ್ರ. ಬೇರೆ ವಿಷಯದ ಟೀಚರಾಗಿ ಹೋಗುವವರಿಗೆ ಆ ವಿಷಯದ ಡಿಗ್ರಿ ಮತ್ತು ಬಿ.ಎಡ್. ಮುಖ್ಯ.

ಡ್ರಾಯಿಂಗ್ ಟೀಚರಾಗಿ ಹೋಗೋದು ಒಳ್ಳೆಯದಾ, ಬೇರೆ ವಿಷಯ ಕಲಿಸುತ್ತಾ ಚಿತ್ರ ಬಿಡಿಸೋದು ಒಳ್ಳೆಯದಾ?

ಎರಡೂ ಕಡೆ ಲಾಭ ಇದೆ. ಕಲಾ ಶಿಕ್ಷಕರಿಗೆ ಇಡೀ ದಿನ ಬಣ್ಣದ ನಡುವೆಯೇ ಇರುವ ಸುಖ. ಆದರೆ ಶಾಲೆಯ ವಾರ್ಷಿಕೋತ್ಸವದ ಬ್ಯಾನರು, ವೇದಿಕೆಯ ಅಲಂಕಾರ, ಸ್ಪರ್ಧೆಗೆ ಮಕ್ಕಳ ತಯಾರಿ ಎಲ್ಲ ಅವರ ತಲೆಯ ಮೇಲೆಯೇ. ಮನೆಗೆ ಬಂದಾಗ ಬ್ರಶ್ ಹಿಡಿಯುವ ಮನಸ್ಸಿರುವುದಿಲ್ಲ ಎಂದು ನನ್ನ ಸಹೋದ್ಯೋಗಿಗಳು ಹೇಳುವುದನ್ನು ಕೇಳಿದ್ದೇನೆ. ಬೇರೆ ವಿಷಯ ಕಲಿಸುವವರಿಗೆ ಸಂಜೆ ಬಣ್ಣ ಹೊಸದಾಗಿ ಕಾಣುತ್ತದೆ. ನಾನು ವಿಜ್ಞಾನದ ಟೀಚರಾಗಿರುವುದನ್ನು ಇಷ್ಟಪಡುತ್ತೇನೆ. ದಾಸವಾಳವನ್ನು ಸೀಳಿ ಬೋರ್ಡಿನ ಮೇಲೆ ಬಿಡಿಸಿ ತೋರಿಸುವಾಗ ನನ್ನ ಕಣ್ಣಿಗೂ ಪಾಠ ಆಗುತ್ತದೆ.

ಪಾಠ ಮಾಡುತ್ತಾ ಇದ್ದರೆ ಒಳಗಿನ ಕಲಾವಿದೆ ಸತ್ತು ಹೋಗುವುದಿಲ್ವಾ?

ಈ ಮಾತು ಕೇಳಿದಾಗ ನನಗೆ ಬೇಜಾರಾಗುತ್ತದೆ. ನಮ್ಮ ಭಾಗದ ಚಿತ್ರಕಲೆಯನ್ನು ಕಟ್ಟಿದವರಲ್ಲಿ ಎಷ್ಟೊಂದು ಜನ ಮಾಸ್ತರರೇ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರು ಕಲಾ ಶಾಲೆ ನಡೆಸಿದರು. ಗದಗದಲ್ಲಿ ಟಿ.ಪಿ. ಅಕ್ಕಿ ಅವರ ಶಾಲೆ ಇತ್ತು. ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕೆನ್ ಕಲಾ ಶಾಲೆ ಶುರುಮಾಡಿ, ಕಲಿಸುತ್ತಲೇ ತಮ್ಮ ಚಿತ್ರಗಳನ್ನೂ ಮಾಡಿದರು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ಅವರು ವ್ಯಕ್ತಿಚಿತ್ರಗಳನ್ನು ಬಿಡಿಸುತ್ತಾ ಶಿಷ್ಯರನ್ನು ತಯಾರು ಮಾಡಿದರು. ಅವರಲ್ಲಿ ಒಬ್ಬರಾದ ರವಿ ಪರಾಂಜಪೆ ಬೆಳಗಾವಿಯಲ್ಲೇ ಹುಟ್ಟಿದವರು. ಮುಂದೆ ಕೆಲವು ವರ್ಷ ಕೆನ್ಯಾದ ನೈರೋಬಿಯಲ್ಲಿ ಜಾಹೀರಾತು ಚಿತ್ರಗಾರರಾಗಿ ದುಡಿದು, ಆಮೇಲೆ ದೇಶಕ್ಕೆ ಮರಳಿ ದೊಡ್ಡ ಹೆಸರು ಮಾಡಿದರು.

ಕಲಿಸುವ ಕೆಲಸ ಚಿತ್ರವನ್ನು ಕೊಲ್ಲುವುದಿಲ್ಲ. ತಿಂಗಳ ಕೊನೆಗೆ ಸಂಬಳ ಬರುತ್ತದೆ ಎಂಬ ಧೈರ್ಯ ಇದ್ದರೆ, ಯಾರಿಗೂ ಇಷ್ಟವಾಗದ ಚಿತ್ರವನ್ನೂ ಬಿಡಿಸಬಹುದು. ಅಷ್ಟು ಸ್ವಾತಂತ್ರ್ಯ ನನಗೆ ಬಹಳ ದೊಡ್ಡದು.

ಹೋಗುವ ಮೊದಲು ಯಾವ ಕಾಗದಪತ್ರ ನೋಡಿಕೊಳ್ಳಬೇಕು?

ಡಿಗ್ರಿ ಪ್ರಮಾಣಪತ್ರಗಳಿಗೆ ರಾಜ್ಯದ ದೃಢೀಕರಣ ಆದಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ ಬೇಕು. ಹೋಗುವ ದೇಶ ಹೇಗ್ ಒಪ್ಪಂದದಲ್ಲಿದ್ದರೆ (ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪಿಕೊಳ್ಳುವ ಒಪ್ಪಂದ ಇದು) ಸಚಿವಾಲಯದ ಅಪೋಸ್ಟಿಲ್ ಎಂಬ ಮುದ್ರೆಯೇ ಸಾಕು, ಇಲ್ಲದಿದ್ದರೆ ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೂ ಬೇಕು. ಏಜೆಂಟರ ಮೂಲಕ ಹೋಗುವುದಾದರೆ ಅವರ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯಾ ನೋಡಿ. ಪಟ್ಟಿಯಲ್ಲಿ ಇಲ್ಲದವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಒಪ್ಪಂದದ ಪತ್ರದಲ್ಲಿ ಹೊರಗಿನ ದುಡಿಮೆಯ ಬಗ್ಗೆ ಏನು ಬರೆದಿದೆ ಎನ್ನುವುದನ್ನು ಸಹಿ ಹಾಕುವ ಮೊದಲೇ ಓದಿ. ಚಿತ್ರ ಮಾರುವ ಪ್ರಶ್ನೆ ಬಂದಾಗ ಅದು ಬೇಕಾಗುತ್ತದೆ.

ಯಾವ ಬಣ್ಣ ಬಳಸಬೇಕು? ವಾಟರ್ ಕಲರ್, ಅಕ್ರಿಲಿಕ್, ಆಯಿಲ್?

ಹೊಸ ದೇಶದ ಮೊದಲ ವರ್ಷಕ್ಕೆ ವಾಟರ್ ಕಲರ್ ಅಥವಾ ಗ್ವಾಶ್ (ನೀರಿನಲ್ಲೇ ಕಲಸುವ, ಆದರೆ ದಟ್ಟವಾಗಿ ಕೂರುವ ಬಣ್ಣ) ತೆಗೆದುಕೊಳ್ಳಿ. ಕಡಿಮೆ ಜಾಗ, ವಾಸನೆ ಇಲ್ಲ, ನೀರಿನಲ್ಲಿ ತೊಳೆದರೆ ಮುಗಿಯಿತು. ಬಣ್ಣಕ್ಕಿಂತ ಹಾಳೆಗೆ ಜಾಸ್ತಿ ದುಡ್ಡು ಹಾಕಿ. ಪೂರ್ತಿ ಹತ್ತಿಯಿಂದ ಮಾಡಿದ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆ ನೀರು ಕುಡಿದರೂ ಅಷ್ಟಾಗಿ ಸುಕ್ಕಾಗುವುದಿಲ್ಲ.

ಮಸ್ಕತ್‌ನಂಥ ಬಿಸಿಲಿನಲ್ಲಿ ಅಕ್ರಿಲಿಕ್ ಪ್ಯಾಲೆಟ್ಟಿನಲ್ಲೇ ಒಣಗಿಬಿಡುತ್ತದೆ. ಒದ್ದೆ ಸ್ಪಂಜಿನ ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಬಣ್ಣ ಇಟ್ಟುಕೊಂಡರೆ ಜಾಸ್ತಿ ಹೊತ್ತು ಉಳಿಯುತ್ತದೆ. ಚಳಿ ದೇಶದವರಿಗೆ ಬೇರೆಯೇ ತೊಂದರೆ. ಸುಮಾರು 10 ಡಿಗ್ರಿಗಿಂತ ಕೆಳಗೆ ಅಕ್ರಿಲಿಕ್ ಸರಿಯಾಗಿ ಪದರ ಕಟ್ಟುವುದಿಲ್ಲ. ಬೆಚ್ಚಗಿನ ಕೋಣೆಯಲ್ಲೇ ಕೆಲಸ ಮಾಡಬೇಕು. ಆಯಿಲ್ ಬಣ್ಣ ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ದಿನದಿಂದ ಎರಡು ವಾರ ಹಿಡಿಯುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ.

ಟ್ಯೂಬಿನ ಮೇಲಿನ ಬಣ್ಣದ ಹೆಸರಿಗಿಂತ ಪಿಗ್ಮೆಂಟಿನ, ಅಂದರೆ ಒಳಗಿರುವ ಬಣ್ಣದ ಪುಡಿಯ, ಸಂಖ್ಯೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಹೆಸರಿನ ಬಣ್ಣದಲ್ಲಿ ಬೇರೆ ಬೇರೆ ಕಂಪನಿ ಬೇರೆ ಬೇರೆ ಪಿಗ್ಮೆಂಟ್ ಹಾಕುತ್ತವೆ. ಅಲಿಝರಿನ್ ಕ್ರಿಮ್ಸನ್ ಎಂದು ಬರುವ ಪಿಆರ್ 83 ಬೆಳಕಿಗೆ ಮಾಸುತ್ತದೆ. ಅದರ ಬದಲು ಪಿವಿ 19 ತೆಗೆದುಕೊಂಡರೆ ಇಳಕಲ್ ಸೀರೆಯ ಸೆರಗಿನ ಕೆಂಪು ವರ್ಷಗಟ್ಟಲೆ ಹಾಗೇ ಇರುತ್ತದೆ. ಮಣ್ಣಿನ ಬಣ್ಣಗಳಾದ ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಇಂಡಿಯನ್ ರೆಡ್ ಇವು ಅಗ್ಗ, ಮಾಸುವುದೂ ಇಲ್ಲ. ಇವುಗಳ ಮೂಲ ಕಬ್ಬಿಣದ ಆಕ್ಸೈಡು. ಬಾದಾಮಿಯ ಮೂರನೇ ಗುಹೆಯನ್ನು 578ರಲ್ಲಿ ಮಂಗಲೇಶ ಕೊರೆಸಿದ. ಅಲ್ಲಿ ಚಾವಣಿಯ ಅಂಚಿನಲ್ಲಿ ಅಲ್ಪಸ್ವಲ್ಪ ಉಳಿದಿರುವ ಚಿತ್ರಗಳನ್ನು ಸಮಯ ಕೊಟ್ಟು ನೋಡಿ. ಸುಮಾರು ಸಾವಿರದ ನಾನೂರೈವತ್ತು ವರ್ಷ ಗಾಳಿ, ಹೊಗೆ, ಬಾವಲಿ ಎಲ್ಲ ತಾಳಿದ ಬಣ್ಣ ಅದು.

ವಿಮಾನದಲ್ಲಿ ಬಣ್ಣ ಒಯ್ಯಲು ಬಿಡುತ್ತಾರಾ?

ವಾಟರ್ ಕಲರ್, ಅಕ್ರಿಲಿಕ್, ಆಯಿಲ್ ಟ್ಯೂಬುಗಳನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಿ. ಕೈಚೀಲದಲ್ಲಿ ದ್ರವಕ್ಕೆ ಇರುವ 100 ಮಿಲಿ ಲೀಟರ್ ಮಿತಿ ಟ್ಯೂಬಿಗೂ ಅನ್ವಯಿಸುತ್ತದೆ. ಕಟ್ಟರ್, ಪ್ಯಾಲೆಟ್ ನೈಫ್ ಕೂಡ ಚೆಕ್-ಇನ್‌ಗೇ. ಆಯಿಲ್ ಟ್ಯೂಬಿನಲ್ಲಿ ಇರುವುದು ಅಗಸೆ ಎಣ್ಣೆಯಂಥ ಸಸ್ಯದ ಎಣ್ಣೆ, ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ. ಕಂಪನಿಯ ಸೇಫ್ಟಿ ಶೀಟ್ ಪ್ರಿಂಟ್ ಮಾಡಿ ಡಬ್ಬಿಯಲ್ಲೇ ಇಟ್ಟರೆ ಕೌಂಟರಿನಲ್ಲಿ ತಕರಾರು ಕಡಿಮೆ. ಆದರೆ ಟರ್ಪೆಂಟೈನ್, ವೈಟ್ ಸ್ಪಿರಿಟ್, ವಾರ್ನಿಷ್ ಸ್ಪ್ರೇ ಎಲ್ಲಿಯೂ ಇಡಬೇಡಿ. ಅವು ಬೆಂಕಿ ಹಿಡಿಯುವ ವಸ್ತುಗಳು, ವಿಮಾನದಲ್ಲಿ ನಿಷೇಧ. ಹೋದ ಊರಿನಲ್ಲೇ ಕೊಂಡುಕೊಳ್ಳಿ.

ಚಿಕ್ಕ ಫ್ಲಾಟಿನಲ್ಲಿ ಎಲ್ಲಿ ಕೂತು ಬಿಡಿಸೋದು? ವಾಸನೆ, ಬೆಳಕು ಹೇಗೆ?

ಉತ್ತರಕ್ಕೆ ಮುಖ ಮಾಡಿದ ಕಿಟಕಿ ಸಿಕ್ಕರೆ ಬಿಡಬೇಡಿ. ನೇರ ಬಿಸಿಲು ಬೀಳದೆ ಬೆಳಕು ಹೆಚ್ಚುಕಮ್ಮಿ ಒಂದೇ ರೀತಿ ಇರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಹೋದವರಿಗೆ ಇದು ತಿರುಗುಮುರುಗು, ಅಲ್ಲಿ ದಕ್ಷಿಣದ ಕಿಟಕಿ. ಡಿಸೆಂಬರಿನಲ್ಲಿ ಲಂಡನ್ನಿನ ಹಗಲು 8 ಗಂಟೆಗೂ ಕಡಿಮೆ. ವಿಜಯಪುರದಲ್ಲಿ ಆಗಲೂ 11 ಗಂಟೆ ಬೆಳಕಿರುತ್ತದೆ. ಲಂಡನ್ನಿನಂಥ ಕಡೆ ಇರುವವರು ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎನ್ನುವ ಅಳತೆ) 90ಕ್ಕಿಂತ ಜಾಸ್ತಿ ಇರುವ, 5000 ಕೆಲ್ವಿನ್ ಆಸುಪಾಸಿನ, ಅಂದರೆ ಹಗಲಿನಂಥ ಬಿಳಿ ಬೆಳಕಿನ, ಎಲ್‌ಇಡಿ ದೀಪ ಕೊಳ್ಳಿ. ಹಳದಿ ಬಲ್ಬಿನ ಕೆಳಗೆ ಬೆರೆಸಿದ ಬಣ್ಣ ಹಗಲಿನಲ್ಲಿ ಬೇರೆಯೇ ಕಾಣುತ್ತದೆ.

ಎಸಿ ಹಾಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಟರ್ಪೆಂಟೈನ್ ಬೇಡವೇ ಬೇಡ. ವಾಸನೆ ಇಲ್ಲದ ಥಿನ್ನರಿನಿಂದಲೂ ಆವಿ ಬರುತ್ತದೆ. ಆಯಿಲ್ ಬೇಕೇ ಬೇಕು ಅನ್ನುವವರು ನೀರಿನಲ್ಲಿ ಕರಗುವ ಆಯಿಲ್ ಬಣ್ಣ ಪ್ರಯತ್ನಿಸಿ. ಇಲ್ಲವಾದರೆ ಬ್ರಶ್ಶನ್ನು ಕುಸುಬೆ ಎಣ್ಣೆಯಲ್ಲಿ ತೊಳೆದು ಆಮೇಲೆ ಸೋಪು ಹಚ್ಚಿ. ನಮ್ಮ ಕಡೆ ಕುಸುಬೆ ಎಣ್ಣೆ ಹೊಸದೇನಲ್ಲ. ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ: ಅಗಸೆ ಎಣ್ಣೆ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹಿಡಿಯಬಹುದು. ನೀರಿನಲ್ಲಿ ನೆನೆಸಿ ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಹಾಕಿ.

ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣ ಬಳಸಿದ ಮೇಲೆ ಕೈ ಚೆನ್ನಾಗಿ ತೊಳೆಯದೆ ರೊಟ್ಟಿ ಮುರಿಯಬೇಡಿ. ನಾವು ಕೈಯಲ್ಲಿ ಉಣ್ಣುವವರು.

ಏನು ಬಿಡಿಸಬೇಕು? ಊರಿನ ನೆನಪುಗಳನ್ನೋ, ಅಲ್ಲಿ ಕಾಣುವುದನ್ನೋ?

ಊರು ಬಿಟ್ಟು ಹೋದ ಮೊದಲ ದಿನಗಳಲ್ಲಿ ಎಲ್ಲರ ಕೈಯೂ ಗೋಳಗುಮ್ಮಟವನ್ನೇ ಬಿಡಿಸುತ್ತದೆ. ಎತ್ತಿನ ಬಂಡಿ, ಜೋಳದ ಹೊಲ, ಇಳಕಲ್ ಸೀರೆ ಉಟ್ಟ ಅವ್ವ. ಇದರಲ್ಲಿ ತಪ್ಪೇನಿಲ್ಲ, ಮನಸ್ಸು ಕೇಳುತ್ತದೆ. ಆದರೆ ನೆನಪಿನಿಂದ ಬಿಡಿಸಿದ ಊರು ಬೇಗ ಕ್ಯಾಲೆಂಡರಿನ ಊರಾಗಿಬಿಡುತ್ತದೆ. ಎತ್ತಿನ ಕೊಂಬಿನ ಬಾಗು ಹೇಗಿತ್ತು, ಜೋಳದ ತೆನೆ ಯಾವ ಕಡೆ ವಾಲಿತ್ತು, ಸೆರಗಿನ ಮೇಲೆ ಮಧ್ಯಾಹ್ನದ ಬೆಳಕು ಬಿದ್ದಾಗ ಕೆಂಪು ಏನಾಯಿತು ಎನ್ನುವುದನ್ನು ಕಣ್ಣು ಎದುರಿಗೆ ಇಟ್ಟುಕೊಂಡೇ ಕಲಿಯಬೇಕು.

ಅದಕ್ಕೇ ನಾನು ಹೇಳುವುದು: ಇರುವ ಊರನ್ನು ಬಿಡಿಸಿ. ಮಸ್ಕತ್‌ನ ಬಿಳಿ ಮನೆಗಳು, ಅವುಗಳ ಹಿಂದೆ ಗಿಡವೇ ಇಲ್ಲದ ಕಂದು ಬೆಟ್ಟಗಳು, ಮತ್ರಾದ ಸಮುದ್ರದ ದಂಡೆ, ವಾದಿಯಲ್ಲಿ (ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ) ಒಣಗಿದ ಕಲ್ಲುಗಳ ನಡುವೆ ಖರ್ಜೂರದ ಸಾಲು. ಇವು ದಿನಾ ಎದುರಿಗೇ ಇವೆ. ಬೆಳಿಗ್ಗೆ ಒಂದು ರೀತಿ, ಸಂಜೆ ಇನ್ನೊಂದು. ಒಂದೇ ಬೆಟ್ಟವನ್ನು ಬೇರೆ ಬೇರೆ ಹೊತ್ತಿನಲ್ಲಿ ಬಿಡಿಸಿದರೆ ಬೆಳಕು ಅಂದರೇನು ಎಂದು ಗೊತ್ತಾಗುತ್ತದೆ. ಅದು ಗೊತ್ತಾದ ಮೇಲೆ ರಜೆಗೆ ಬಂದು ಬಾದಾಮಿಯ ಬಂಡೆಯ ಮುಂದೆ ಕೂತು ನೋಡಿ. ಮೊದಲು ಬರೀ ಕೆಂಪು ಅಂದುಕೊಂಡಿದ್ದ ಕಲ್ಲಿನಲ್ಲಿ ಗುಲಾಬಿ, ಹಳದಿ, ನೆರಳಿನ ನೀಲಿ ಎಲ್ಲ ಕಾಣತೊಡಗುತ್ತವೆ.

ಊರು ಮರೆತು ಹೋಗುತ್ತದೆ ಎಂಬ ಭಯ ಬೇಡ. ನೀವು ಯಾವ ಬೆಟ್ಟ ಬಿಡಿಸಿದರೂ ನಿಮ್ಮ ಕಣ್ಣು ಬಯಲುಸೀಮೆಯದೇ. ಮಣ್ಣಿಗೆ ಜಾಸ್ತಿ ಜಾಗ ಕೊಡುತ್ತೀರಿ, ಹಸಿರನ್ನು ಜಿಪುಣತನದಿಂದ ಹಾಕುತ್ತೀರಿ, ಆಕಾಶವನ್ನು ದೊಡ್ಡದು ಮಾಡುತ್ತೀರಿ. ಮಲೆನಾಡಿನಿಂದ ಬಂದ ನನ್ನ ಗೆಳತಿ ಅದೇ ಬೆಟ್ಟವನ್ನು ಬಿಡಿಸಿದಾಗ ಖರ್ಜೂರದ ಗಿಡಗಳೇ ಹಾಳೆ ತುಂಬಿಕೊಂಡಿದ್ದವು.

ನಮ್ಮ ಕಡೆಯ ಮಣ್ಣು, ಕಲ್ಲಿನ ಬಣ್ಣ ಬೆರೆಸುವುದು ಹೇಗೆ?

ಕಪ್ಪು ಟ್ಯೂಬು ಬೇಡ. ಎರೆಮಣ್ಣಿಗೆ ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ನೀಲಿ ಬೆರೆಸಿ. ಮಳೆ ಬಿದ್ದ ಹೊಲಕ್ಕೆ ನೀಲಿ ಸ್ವಲ್ಪ ಮುಂದೆ ಇರಲಿ, ಏಪ್ರಿಲ್‌ನ ಬಿರುಕು ಬಿಟ್ಟ ಹೊಲಕ್ಕೆ ಅಂಬರ್ ಮುಂದೆ, ನೀರು ಜಾಸ್ತಿ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಮರಳುಗಲ್ಲಿಗೆ ಬರ್ನ್ಟ್ ಸಿಯೆನ್ನಾ ಮತ್ತು ಓಕರ್. ನೆರಳಿಗೆ ಅದರಲ್ಲೇ ತುಸು ಅಲ್ಟ್ರಾಮರೀನ್. ಬೆಳಗಾವಿ ಕಡೆ, ಖಾನಾಪುರದ ಕೆಂಪು ಮಣ್ಣಿಗೆ ಇಂಡಿಯನ್ ರೆಡ್. ಒಮಾನಿನ ಬೆಟ್ಟಕ್ಕೂ ಇದೇ ಟ್ಯೂಬುಗಳು ಸಾಕು, ನೀಲಿ ಮತ್ತು ಪಿವಿ 19 ಸ್ವಲ್ಪ ಜಾಸ್ತಿ ಮಾಡಿದರೆ ಆಯಿತು. ದೊಡ್ಡ ಸೆಟ್ಟಿನ ಅಗತ್ಯವೇ ಬರುವುದಿಲ್ಲ.

ಹೊರಗೆ ಕೂತು ಬಿಡಿಸಿದರೆ ಪೊಲೀಸರು ಕೇಳುತ್ತಾರಾ?

ಬಂದರು, ವಿಮಾನ ನಿಲ್ದಾಣ, ಸೈನ್ಯ ಮತ್ತು ಪೊಲೀಸರ ಕಟ್ಟಡ, ಅರಮನೆ ಇವುಗಳ ಎದುರು ಹಾಳೆ ತೆಗೆಯಬೇಡಿ. ರೆಸಿಡೆಂಟ್ ಕಾರ್ಡ್ ಜೊತೆಗಿರಲಿ. ಮನುಷ್ಯರನ್ನು, ಅದರಲ್ಲೂ ಹೆಂಗಸರನ್ನು, ಕೇಳದೆ ಬಿಡಿಸಬಾರದು. ಕೊಲ್ಲಿ ದೇಶಗಳಲ್ಲಿ ಹೊರಗೆ ಕೂರುವ ಕಾಲ ಅಂದರೆ ನವೆಂಬರ್‌ನಿಂದ ಮಾರ್ಚ್. ಉಳಿದ ತಿಂಗಳು ಕಿಟಕಿಯಿಂದ ನೋಡಿ ಬಿಡಿಸಿ.

ಅಲ್ಲಿ ಯಾರ ಪರಿಚಯವೂ ಇಲ್ಲ. ಜೊತೆಗಾರರು ಸಿಗುತ್ತಾರಾ?

2007ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಅರ್ಬನ್ ಸ್ಕೆಚರ್ಸ್ ಎಂಬ ಬಳಗ ಈಗ ಪ್ರಪಂಚದ ಎಷ್ಟೋ ಊರುಗಳಲ್ಲಿದೆ. ಒಂದು ಜಾಗದಲ್ಲಿ ಸೇರಿ, ಎದುರಿಗೆ ಕಂಡದ್ದನ್ನು ಬಿಡಿಸಿ, ಕೊನೆಗೆ ಎಲ್ಲರ ಪುಸ್ತಕಗಳನ್ನೂ ನೆಲದ ಮೇಲೆ ಸಾಲಾಗಿ ಇಟ್ಟು ನೋಡುತ್ತಾರೆ. ಮಾತು ಬಾರದಿದ್ದರೂ ನಡೆಯುತ್ತದೆ. ಇಂಗ್ಲಿಷಿನ ಹಿಂಜರಿಕೆ ಇರುವವರಿಗೆ ಇಷ್ಟು ಸುಲಭದ ಜಾಗ ಬೇರೆ ಇಲ್ಲ.

ಮ್ಯೂಸಿಯಂಗೆ ಹೋದರೆ ಏನು ನೋಡಬೇಕು?

ಮೊದಲು ವಿಜಯಪುರವನ್ನು ಹುಡುಕಿ! ಡಬ್ಲಿನ್‌ನ ಚೆಸ್ಟರ್ ಬೀಟಿ ಮ್ಯೂಸಿಯಂನಲ್ಲಿ 1570ರ ನುಜೂಮ್ ಅಲ್ ಉಲೂಮ್ ಎಂಬ ನಮ್ಮ ಊರಿನ ಹಸ್ತಪ್ರತಿ ಇದೆ. ಮೈನಾ ಹಕ್ಕಿಯ ಜೊತೆ ನಿಂತ ಯೋಗಿನಿಯ ಚಿತ್ರವೂ ಅಲ್ಲೇ ಇದೆ. ಆ ಯೋಗಿನಿಯ ಕಾಲ ಬುಡದಲ್ಲಿ ಅರಳಿರುವ ಗಿಡಗಳನ್ನು ನೋಡಿದರೆ ಹೂವನ್ನು ಇಷ್ಟು ಧೈರ್ಯವಾಗಿ ದೊಡ್ಡದು ಮಾಡಬಹುದಾ ಅನ್ನಿಸುತ್ತದೆ. ಅಲ್ಲಿಗೆ ಪ್ರವೇಶ ಉಚಿತ. ಹೋಗಲಾಗದವರು ಮೆಟ್ರೋಪಾಲಿಟನ್ ಮ್ಯೂಸಿಯಂನ ವೆಬ್‌ಸೈಟ್ ನೋಡಿ. 2017ರಿಂದ ಹಕ್ಕುಸ್ವಾಮ್ಯ ಮುಗಿದ ಚಿತ್ರಗಳ ದೊಡ್ಡ ಫೈಲುಗಳನ್ನು ಅವರು ಉಚಿತವಾಗಿ ಕೊಡುತ್ತಿದ್ದಾರೆ. ಒಂದು ಮೂಲೆಯನ್ನು ಜೂಮ್ ಮಾಡಿ ಅಷ್ಟನ್ನೇ ನಕಲು ಮಾಡಿ. ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಮನೆಪಾಠ ನನಗೆ ಸಿಕ್ಕಿಲ್ಲ.

ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ, ಅಂದರೆ 1580ರಿಂದ 1627ರವರೆಗೆ, ಚಿತ್ರಗಾರರು ಹೊರದೇಶದಿಂದ ನಮ್ಮ ಊರಿಗೆ ಬರುತ್ತಿದ್ದರು. ಪರ್ಶಿಯಾದಿಂದ ಹೊರಟು ಕಾಬೂಲ್, ಲಾಹೋರ್‌ಗಳಲ್ಲಿ ಕೆಲಸ ಮಾಡಿದ ಫರೂಖ್ ಬೇಗ್ ಕೆಲವು ವರ್ಷ ವಿಜಯಪುರದಲ್ಲಿದ್ದ ಎಂದು ವಿದ್ವಾಂಸರು ಹೇಳುತ್ತಾರೆ. ಹಾಲೆಂಡಿನ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೆಡಾ 1610ರ ಸುಮಾರಿಗೆ ಬಂದು ದರ್ಬಾರಿನ ಚಿತ್ರಗಾರನಾದ, 1622ರಲ್ಲಿ ತೀರಿಕೊಳ್ಳುವವರೆಗೆ ಇಲ್ಲೇ ಇದ್ದ. ಪರದೇಶದಲ್ಲಿ ಕೂತು ಬಣ್ಣ ಅರೆಯುವುದು ನಮ್ಮ ಊರಿಗೆ ಹೊಸ ಕಥೆಯಲ್ಲ. ಗಿರಾಕಿ ಯಾರು, ಬಣ್ಣ ಎಲ್ಲಿ ಸಿಗುತ್ತದೆ, ಮಾತು ಹೇಗೆ, ಮನೆಯವರಿಗೆ ಪತ್ರ ಯಾವಾಗ ಮುಟ್ಟುತ್ತದೆ, ಈ ಚಿಂತೆಗಳು ಅವರಿಗೂ ಇದ್ದಿರಬೇಕು. ಮಸ್ಕತ್‌ನಲ್ಲಿ ಒಂಟಿ ಅನ್ನಿಸಿದ ಸಂಜೆಗಳಲ್ಲಿ ನನಗೆ ಇವರ ನೆನಪಾಗುತ್ತದೆ.

ವಿಜಯಪುರದ ಪೂರ್ವಕ್ಕೆ ಕುಮಟಗಿಯಲ್ಲಿ ಆ ಕಾಲದ ಜಲಮಂಟಪಗಳಿವೆ, ಗೋಡೆಯ ಮೇಲೆ ಅಳಿದುಳಿದ ಚಿತ್ರಗಳಿವೆ. ಹೊರಡುವ ಮೊದಲು ಒಮ್ಮೆ ನೋಡಿ ಹೋಗಿ. ಮುಟ್ಟಬೇಡಿ, ಹೆಸರು ಕೆತ್ತುವವರನ್ನು ಕಂಡರೆ ತಡೆಯಿರಿ.

ಅಲ್ಲಿ ಚಿತ್ರ ಮಾರಬಹುದಾ?

ವೀಸಾ ಮತ್ತು ಒಪ್ಪಂದ ಏನು ಹೇಳುತ್ತದೆ ಎನ್ನುವುದರ ಮೇಲೆ ನಿಂತಿದೆ. ಕೊಲ್ಲಿ ದೇಶಗಳಲ್ಲಿ ಸಾಮಾನ್ಯವಾಗಿ ವೀಸಾ ಕೊಡಿಸಿದ ಶಾಲೆ ಅಥವಾ ಕಂಪನಿಯ ಕೆಲಸ ಮಾತ್ರ ಮಾಡಬೇಕು. ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಇರುವವರೂ ಹೀಗೇ, ಸ್ವಂತ ವ್ಯಾಪಾರ ಮಾಡುವಂತಿಲ್ಲ. ಮನೆಯಲ್ಲಿ ಮಕ್ಕಳಿಗೆ ದುಡ್ಡು ತೆಗೆದುಕೊಂಡು ಡ್ರಾಯಿಂಗ್ ಕ್ಲಾಸ್ ಮಾಡುವುದಕ್ಕೂ ಅನುಮತಿ ಬೇಕು. ಎಲ್ಲರೂ ಮಾಡ್ತಾರೆ ಅನ್ನುವ ಮಾತನ್ನು ನಂಬಬೇಡಿ, ಕೆಲಸವೇ ಹೋಗಬಹುದು. ಶಾಲೆಯಿಂದ ಲಿಖಿತ ಅನುಮತಿ ಕೇಳಿ. ಪ್ರದರ್ಶನದಲ್ಲಿ ಇಡುವುದು ಬೇರೆ, ಮಾರುವುದು ಬೇರೆ.

ಊರಿನಲ್ಲಿ ಮಾರಬಹುದು. ಅನಿವಾಸಿಯಾದವರು ಆ ಹಣವನ್ನು ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದ ಆದಾಯ ಇಡುವ ಬ್ಯಾಂಕ್ ಖಾತೆ) ಹಾಕಬೇಕು. ಭಾರತದಲ್ಲಿ ಬಂದ ಆದಾಯಕ್ಕೆ ಇಲ್ಲಿನ ತೆರಿಗೆ ನಿಯಮ ಅನ್ವಯಿಸುತ್ತದೆ.

ಗಂಡ, ಮಕ್ಕಳು, ಅಡುಗೆ, ನೌಕರಿ. ಇದರ ನಡುವೆ ಬಣ್ಣ ಹಚ್ಚುತ್ತಾ ಕೂತರೆ ಜನ ಏನಂತಾರೆ?

ಅನ್ನುವವರು ಅನ್ನುತ್ತಾರೆ. ಈ ಪ್ರಶ್ನೆಯನ್ನು ಇದುವರೆಗೆ ಒಬ್ಬ ಗಂಡಸೂ ನನ್ನನ್ನು ಕೇಳಿಲ್ಲ. ಗಂಡಸರು ಕ್ರಿಕೆಟ್ಟಿಗೆ ಹೋದಾಗ ಅನುಮತಿ ಕೇಳುವುದಿಲ್ಲ ಅಲ್ವಾ? ನಿಮ್ಮ ಸಮಯ ಯಾವುದು ಎಂದು ಮನೆಯವರಿಗೆ ಸ್ಪಷ್ಟವಾಗಿ, ಪ್ರೀತಿಯಿಂದಲೇ ಹೇಳಿ. ಆ ದಿನದ ಅಡುಗೆ ಇನ್ನೊಬ್ಬರು ಮಾಡಲಿ, ಇಲ್ಲವೇ ಹಿಂದಿನ ದಿನದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇರಲಿ. ಮಕ್ಕಳಿಗೆ ಪಕ್ಕದಲ್ಲೇ ಒಂದು ಹಾಳೆ ಮತ್ತು ವಿಷವಿಲ್ಲದ ಬಣ್ಣ ಕೊಡಿ. ಸ್ವಲ್ಪ ದಿನದಲ್ಲಿ ಅವರೇ ನಿಮ್ಮ ಹೊತ್ತನ್ನು ಕಾಯುತ್ತಾರೆ. ನಮ್ಮ ಅಜ್ಜಿಯರು ಹೊಲದ ಕೆಲಸ ಮುಗಿಸಿ ಬಂದು ಕಸೂತಿ ಹಾಕುತ್ತಿದ್ದರು. ಅವರ ಕೈಗೆ ಬಿಡುವು ಇತ್ತು ಅಂತ ಯಾರೂ ಹೇಳಲಾರರು. ಬೇಕು ಅನ್ನಿಸಿತ್ತು, ಹಾಕಿದರು.

ಚಿತ್ರಗಳನ್ನು ಊರಿಗೆ ತರುವುದು ಹೇಗೆ? ಇಟ್ಟುಕೊಳ್ಳುವುದು ಹೇಗೆ?

ಹಾಳೆಯ ಚಿತ್ರಗಳ ನಡುವೆ ಆಮ್ಲರಹಿತ ಹಾಳೆ ಇಟ್ಟು, ಎರಡು ರಟ್ಟಿನ ಮಧ್ಯೆ ಚಪ್ಪಟೆಯಾಗಿ ಸೂಟ್‌ಕೇಸಿನ ತಳದಲ್ಲಿ ಇಡಿ. ನ್ಯೂಸ್ ಪೇಪರ್ ಬೇಡ, ಅದರ ಆಮ್ಲದಿಂದ ಚಿತ್ರವೂ ಹಳದಿಯಾಗುತ್ತದೆ. ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಚ್ಚಿ, ಬಣ್ಣದ ಮುಖ ಹೊರಗೆ ಬರುವಂತೆ, ದಪ್ಪ ಕೊಳವೆಯ ಮೇಲೆ ಸುತ್ತಿ. ಒಳಮುಖವಾಗಿ ಸುತ್ತಿದರೆ ಬಣ್ಣ ಒತ್ತಿಕೊಂಡು ಸುಕ್ಕಾಗುತ್ತದೆ. ಚಳಿ ದೇಶದವರು ಅಕ್ರಿಲಿಕ್ ಕ್ಯಾನ್ವಾಸನ್ನು ತಣ್ಣಗಿರುವಾಗ ಸುತ್ತಬಾರದು, ಬಿರುಕು ಬಿಡುತ್ತದೆ. ಆಯಿಲ್ ಚಿತ್ರಕ್ಕೆ ವಾರ್ನಿಷ್ ಹಚ್ಚಲು ಆರು ತಿಂಗಳಾದರೂ ಕಾಯಿರಿ.

ಮಸ್ಕತ್‌ನ ಕರಾವಳಿ ಸೆಕೆಯಲ್ಲಿ ಹಾಳೆಗೆ ಬೂಷ್ಟು ಬರುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಇಡಿ. ಊರಿನಲ್ಲಿ ಗೆದ್ದಲಿನ ಕಾಟ. ಗೋಡೆಗೆ ತಾಗದಂತೆ, ನೆಲದಿಂದ ಮೇಲೆ ಇಡಿ.

ಅಜ್ಜನ ಕಾಲದ ಹಳೆಯ ಚಿತ್ರ, ಹಸ್ತಪ್ರತಿ ಜೊತೆಗೆ ಒಯ್ಯಬಹುದಾ?

ಇಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಚಿತ್ರ, ಶಿಲ್ಪಗಳನ್ನು, ಬೆಲೆಯುಳ್ಳ 75 ವರ್ಷ ದಾಟಿದ ಹಸ್ತಪ್ರತಿಗಳನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ಒಳ್ಳೆಯ ಫೋಟೋ ತೆಗೆದುಕೊಂಡು ಹೋಗಿ. ನಿಮ್ಮ ಸ್ವಂತ ಚಿತ್ರಗಳಿಗೆ ಈ ತೊಂದರೆ ಇಲ್ಲ.

ಊರಿನಲ್ಲಿ ಪ್ರದರ್ಶನ ಮಾಡಬೇಕು ಅಂದರೆ?

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಪ್ರತಿ ವರ್ಷ ಜನವರಿಯಲ್ಲಿ ನಡೆಯುತ್ತದೆ. ಶಾಲೆಯ ರಜೆಗೆ ಅದು ಹೊಂದುವುದು ಕಷ್ಟ, ಅರ್ಜಿಯನ್ನೂ ಬಹಳ ಮೊದಲೇ ಹಾಕಬೇಕು. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನದ ಪ್ರಕಟಣೆಗಳ ಮೇಲೂ ಕಣ್ಣಿಡಿ. ಆದರೆ ನನಗೆ ಜಾಸ್ತಿ ಇಷ್ಟ ನಮ್ಮ ಊರುಗಳಲ್ಲೇ ತೋರಿಸುವುದು. ತಾಲ್ಲೂಕಿನ ಗ್ರಂಥಾಲಯ, ನೀವು ಓದಿದ ಹೈಸ್ಕೂಲಿನ ಹಾಲ್, ಕಾಲೇಜಿನ ವರಾಂಡ. ಗೋಡೆಗೆ ಮೊಳೆ ಹೊಡೆಯುವುದೂ ಬೇಡ, ಹಗ್ಗ ಕಟ್ಟಿ ಕ್ಲಿಪ್ಪು ಹಾಕಿದರೆ ಆಯಿತು. ಜೂನ್ ಕೊನೆಗೆ ನಮ್ಮ ಶಾಲೆಗಳು ತೆರೆದಿರುತ್ತವೆ, ಕೊಲ್ಲಿಯ ಟೀಚರುಗಳಿಗೆ ಆಗ ರಜೆ. ಹೆಡ್ ಮಾಸ್ತರಿಗೆ ಏಪ್ರಿಲ್‌ನಲ್ಲೇ ಪತ್ರ ಬರೆಯಿರಿ. ಪ್ರತಿ ಚಿತ್ರದ ಕೆಳಗೆ ಯಾವ ಊರು, ಯಾವ ಬಣ್ಣ, ಯಾವ ಹಾಳೆ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಿ. ಒಂದು ಮೇಜಿನ ಮೇಲೆ ಖಾಲಿ ಹಾಳೆ ಮತ್ತು ಪೆನ್ಸಿಲ್ ಇಡಿ. ನೋಡಲು ಬಂದ ಮಕ್ಕಳು ಸುಮ್ನೆ ನೋಡಿ ಹೋಗುವುದಿಲ್ಲ, ಅವರಿಗೂ ಬಿಡಿಸಬೇಕು ಅನ್ನಿಸುತ್ತದೆ.